ಒಬ್ಬೊಬ್ಬನಿಗೆ ಒಂದೊಂದು ಗ್ರೂಪು

ಗಣಿತದ ಮೇಷ್ಟ್ರ ಕೆಲಸ ಆರಾಮದ್ದು ಎಂದುಕೊಂಡು ಈ ವೃತ್ತಿಗೆ ಬರುವವರು ಈಗಲೂ ಇದ್ದಾರೆ. ಆಸಿಡ್ ಚೆಲ್ಲುವುದಿಲ್ಲ, ಕಪ್ಪೆ ಕೊಯ್ಯಬೇಕಾಗಿಲ್ಲ, ಸೀಮೆಸುಣ್ಣ ಒಂದಿದ್ದರೆ ಆಯಿತು. ನಾನೂ ಹಾಗೆ ಅಂದುಕೊಂಡೇ ಸೇರಿದವನು. ನಮ್ಮ ಕೆಲಸದಲ್ಲಿ ಯಾರಿಗೂ ಗಾಯವಾಗುವುದಿಲ್ಲ ಎಂದು ಬಲವಾಗಿ ನಂಬಿದ್ದೆ. ಆ ನಂಬಿಕೆ ಹೇಗೆ ಹೋಯಿತು ಎನ್ನುವುದನ್ನು ಹೊಸದಾಗಿ ಪಾಠ ಮಾಡಲು ಹೊರಟಿರುವವರಿಗಾಗಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯ ದಿನ ಯಾರು ಹಾರ ಹಾಕಿದರು ಎನ್ನುವುದೆಲ್ಲ ನಿಮಗೆ ಬೇಡ. ನನಗಂತೂ ಬೇಡವೇ ಬೇಡ.

ಅರವತ್ತರ ದಶಕದ ನಡುವಿನಲ್ಲಿ ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಒಂದು ಕಾಲೇಜಿಗೆ ಸೇರಿದೆ. ಹಿಂದೆ ಯಾವನೋ ದೊರೆಯ ಕುದುರೆ ಲಾಯವಾಗಿದ್ದ ಉದ್ದನೆಯ ಕಟ್ಟಡವೇ ನಮ್ಮ ವಿಭಾಗ. ಮಳೆಗಾಲದಲ್ಲಿ ಗೋಡೆಯಿಂದ ಇನ್ನೂ ಹಳೆಯ ಹುಲ್ಲಿನ ವಾಸನೆ ಬರುತ್ತಿತ್ತು. ಹುಡುಗರು ತಮ್ಮತಮ್ಮೊಳಗೆ ತಮಿಳು, ಉರ್ದು, ಇಂಗ್ಲಿಷು ಎಲ್ಲ ಕಲಸಿ ಮಾತಾಡುತ್ತಿದ್ದರು. ಹಲಸೂರಿನ ನನ್ನ ಬಾಡಿಗೆ ಮನೆಯಿಂದ ನಡೆದೇ ಹೋಗುತ್ತಿದ್ದೆ.

ವಿಭಾಗದ ಮುಖ್ಯಸ್ಥರು ಶೇಷಗಿರಿರಾಯರು. ಕಾಕ್ಸ್‌ಟೌನಿನಲ್ಲಿ ಮನೆ. ಬಿಳಿ ಕೋಟು, ಕೈಯಲ್ಲಿ ಒಂದು ಬಟ್ಟೆಯ ಚೀಲ, ಅದರೊಳಗೆ ಅವರದೇ ಡಸ್ಟರು. ಕಾಲೇಜಿನ ಡಸ್ಟರನ್ನು ಅವರು ಮುಟ್ಟಿದ್ದನ್ನು ನಾನು ನೋಡೇ ಇಲ್ಲ. ಗ್ರೂಪುಗಳ ನಿರೂಪಣೆ ಎಂಬ ವಿಷಯವನ್ನು ಎಂ.ಎಸ್ಸಿ. ಹುಡುಗರಿಗೆ ಕಲಿಸಲೇಬೇಕು ಎಂದು ಹಟ ಹಿಡಿದು ತಂದವರು ಅವರೇ. ಅದಕ್ಕೆ ಸಹಾಯಕನಾಗಿ ನನ್ನನ್ನು ಹಾಕಿಕೊಂಡರು.

ಮೊದಲ ದಿನ ನಾನು ತರಗತಿಗೆ ಹೋಗಿ ವ್ಯಾಖ್ಯೆ ಬರೆದೆ. ಅದರ ಕೆಳಗೆ ಪ್ರಮೇಯ, ಅದರ ಕೆಳಗೆ ಸಾಧನೆ ಬರೆದು, ಕೈ ಒರೆಸಿಕೊಂಡು ಹೊರಗೆ ಬಂದೆ. ಹುಡುಗರು ಮಿಕಮಿಕ ನೋಡುತ್ತಾ ಕೂತಿದ್ದರು. ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿದ್ದ ರಾಯರು ಕೇಳಿದರು, "ಏನ್ರೀ ಮೂರ್ತಿ, ಪಾಠ ಮಾಡಿದ್ರಾ, ತಿಥಿ ಮಂತ್ರ ಹೇಳಿದ್ರಾ?"

ಮರುದಿನ ಅವರೇ ಒಂದು ಬೂಟಿನ ಡಬ್ಬಿಯ ಮುಚ್ಚಳ ತಂದು ಕತ್ತರಿಯಿಂದ ಚೌಕವಾಗಿ ಕತ್ತರಿಸಿದರು. ನಾಲ್ಕು ಮೂಲೆಗೂ ಅಂಕಿ ಬರೆದು ಹುಡುಗನೊಬ್ಬನ ಕೈಗೆ ಕೊಟ್ಟರು. "ತಿರುಗ್ಸು. ಮಗುಚು. ಆದ್ರೆ ಇಟ್ಟ ಜಾಗದಲ್ಲೇ ಸರಿಯಾಗಿ ಕೂರ್ಬೇಕು. ಎಷ್ಟು ಥರ ಮಾಡ್ಬೋದು ಹೇಳು." ಹುಡುಗ ಎಂಟು ಎಂದ. ನಾಲ್ಕು ತಿರುಗಿಸುವುದು, ನಾಲ್ಕು ಮಗುಚುವುದು. "ಈ ಎಂಟು ಸೇರಿದ್ರೆ ಒಂದು ಗ್ರೂಪು. ಇನ್ನು ಒಂದೊಂದು ಚಲನೆಗೂ ಒಂದೊಂದು ಮ್ಯಾಟ್ರಿಕ್ಸ್ ಬರೀರಿ. ಒಂದಾದ ಮೇಲೆ ಒಂದು ಮಾಡೋದೂ, ಆ ಮ್ಯಾಟ್ರಿಕ್ಸ್‌ಗಳನ್ನು ಗುಣಿಸೋದೂ ಒಂದೇ ಆಗ್ಬೇಕು. ಅದೇ ನಿರೂಪಣೆ. ಇಷ್ಟೇ ಕಣ್ರಪ್ಪ." ನಾನು ಒಂದು ಗಂಟೆ ಹೇಳಿಯೂ ತಲೆಗೆ ಹತ್ತಿಸಲಾಗದ್ದನ್ನು ಅವರು ರಟ್ಟಿನ ಚೂರಿನಲ್ಲಿ ಮುಗಿಸಿದರು. ಪಾಠ ಮಾಡುವುದನ್ನು ನಾನು ಅವರಿಂದಲೇ ಕಲಿತೆ. ಈಗ ಬರೆಯುವುದನ್ನು ಓದುವಾಗ ಇದನ್ನು ಮರೆಯಬೇಡಿ.

ಪ್ರತಿಯೊಂದು ಮ್ಯಾಟ್ರಿಕ್ಸಿನಲ್ಲೂ ಎಡಗಡೆಯ ಮೇಲಿನ ಮೂಲೆಯಿಂದ ಬಲಗಡೆಯ ಕೆಳಗಿನ ಮೂಲೆಯವರೆಗೆ ಓರೆಯಾಗಿ ಇರುವ ಅಂಕಿಗಳನ್ನು ಕೂಡಿದರೆ ಒಂದು ಸಂಖ್ಯೆ ಬರುತ್ತದೆ. ಇನ್ನು ಒಡೆಯಲಾಗದ ಸಣ್ಣ ಸಣ್ಣ ನಿರೂಪಣೆಗಳಿಗೆಲ್ಲ ಆ ಸಂಖ್ಯೆಗಳನ್ನು ಸಾಲಾಗಿ ಬರೆದರೆ ಒಂದು ಕೋಷ್ಟಕವಾಗುತ್ತದೆ. ಎಷ್ಟೋ ಪುಟ ಹಿಡಿಯುವ ಗುಣಾಕಾರವೆಲ್ಲ ಕೊನೆಗೆ ಅಂಗೈಯಗಲದ ಕೋಷ್ಟಕದಲ್ಲಿ ಬಂದು ಕೂರುತ್ತದೆ. ರಾಯರಿಗೆ ಆ ಕೋಷ್ಟಕದ ಮೇಲೆ ಪ್ರಾಣ. "ಟೇಬಲ್ ನೋಡಿದ್ರೆ ಸಾಕು, ಗ್ರೂಪು ಯಾವ್ದು ಅಂತ ಹೇಳ್ಬಿಡ್ತೀನಿ" ಎನ್ನುತ್ತಿದ್ದರು. ಹೇಳುತ್ತಲೂ ಇದ್ದರು. ಹುಡುಗರು ಬೆರಗಾಗುತ್ತಿದ್ದರು, ನಾನೂ ಬೆರಗಾಗುತ್ತಿದ್ದೆ.

ಈ ಜೋರಿನ ಮೇಲೆಯೇ ಅವರೊಂದು ಪದ್ಧತಿ ಮಾಡಿಕೊಂಡಿದ್ದರು. ವರ್ಷದ ಕೊನೆಯ ಕೆಲಸವಾಗಿ ಪ್ರತಿಯೊಬ್ಬ ಹುಡುಗನಿಗೂ ಒಂದು ಗ್ರೂಪು ಹಂಚುವುದು. ಚೀಟಿ ಬರೆದು, ಮಡಿಚಿ, ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಕುಲುಕುತ್ತಿದ್ದರು. ಒಬ್ಬನ ಕೈಗೆ ಬಂದ ಗ್ರೂಪು ಇನ್ನೊಬ್ಬನಿಗೆ ಬರುವಂತಿಲ್ಲ. ಒಬ್ಬೊಬ್ಬನೂ ತನ್ನ ಗ್ರೂಪಿನ ಕೋಷ್ಟಕ ಮಾಡಿ ತಂದುಕೊಡಬೇಕು. "ನೋಡಿ ಬರೆಯೋಕೆ ದಾರಿನೇ ಇಲ್ಲ ನೋಡ್ರೀ" ಎಂದು ನನ್ನ ಕಡೆ ತಿರುಗಿ ನಗುತ್ತಿದ್ದರು. ಲೆಕ್ಕ ಮಾಡಿದ ಹಾಳೆಗಳನ್ನು ಮಾತ್ರ ತರಕೂಡದು. "ಅಡುಗೆಮನೆ ನನಗೆ ಬೇಡ, ಊಟ ಬಡಿಸಿದ್ರೆ ಸಾಕು." ಅದನ್ನು ನೋಡಿ ಅವರು ಸಹಿ ಹಾಕಬೇಕು. ಆ ಸಹಿ ಇಲ್ಲದೆ ಯಾರೂ ಪರೀಕ್ಷೆಗೆ ಕೂರುವಂತಿರಲಿಲ್ಲ. ವರ್ಷಾನುಗಟ್ಟಲೆ ಇದು ಹೀಗೇ ನಡೆಯಿತು. ಏನೂ ಆಗಲಿಲ್ಲ.

ಎಪ್ಪತ್ತರ ದಶಕ ಶುರುವಾದ ಮೇಲೆ ಒಂದು ವರ್ಷ, ತರಗತಿ ಆರಂಭವಾಗಿ ಕೆಲವು ವಾರ ಕಳೆದ ಮೇಲೆ, ಮುನಿರಾಜು ಎಂಬ ಹುಡುಗ ಬಂದು ಸೇರಿದ. ಮಹದೇವಪುರದ ಆಚೆಯ ಹಳ್ಳಿ. ಅವರಪ್ಪ ಪಿಳ್ಳಪ್ಪನವರು ರಾಗಿ, ಸೊಪ್ಪು, ತರಕಾರಿ ಬೆಳೆಯುತ್ತಿದ್ದವರು. ಜಮೀನು ಸರ್ಕಾರಿ ಕಾರ್ಖಾನೆಗೆ ಹೋಗಿತ್ತು. ಹುಡುಗ ಕೆ.ಆರ್. ಪುರದಲ್ಲಿ ರೈಲು ಹತ್ತಿ ದಂಡು ನಿಲ್ದಾಣದಲ್ಲಿ ಇಳಿದು ಬರುತ್ತಿದ್ದ. ಹೊಗೆಬಂಡಿಯ ಮಸಿ ಅವನ ಅಂಗಿಯ ಕಾಲರಿನ ಮೇಲೆ ಇದ್ದೇ ಇರುತ್ತಿತ್ತು. ಮಾತು ಕಡಿಮೆ. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ನಾಚಿಕೆಪಟ್ಟು, ಪಾಠ ಮುಗಿದ ಮೇಲೆ ನನ್ನ ಹಿಂದೆಯೇ ಬಂದು ಕನ್ನಡದಲ್ಲಿ ಕೇಳುತ್ತಿದ್ದ. ಅವನು ಕೇಳಿದ್ದಕ್ಕೆ ಉತ್ತರ ಹುಡುಕಲು ಎಷ್ಟೋ ಸಲ ನಾನು ಮನೆಗೆ ಹೋಗಿ ಪುಸ್ತಕ ತೆಗೆಯಬೇಕಾಗುತ್ತಿತ್ತು.

ಅವರ ಮನೆಯಲ್ಲಿ ಒಂದು ಒಪ್ಪಂದವಾಗಿತ್ತು. ಜಮೀನು ಕೊಟ್ಟ ಮನೆಗೆ ಕಾರ್ಖಾನೆಯಲ್ಲಿ ಒಂದು ಕೆಲಸ. ಮನೆಗಿದ್ದವನು ಇವನೊಬ್ಬನೇ ಮಗ. ಎಂ.ಎಸ್ಸಿ. ಮುಗಿಸಿದರೆ ಇವನು ಮೇಷ್ಟ್ರು ಆಗಲಿ, ಆ ಕೆಲಸವನ್ನು ಅಕ್ಕನ ಗಂಡನಿಗೆ ಬರೆದುಕೊಡೋಣ ಎಂದು ಪಿಳ್ಳಪ್ಪನವರು ಒಪ್ಪಿದ್ದರು. ಓದು ಮಧ್ಯದಲ್ಲಿ ನಿಂತರೆ ಇವನೇ ಕಾರ್ಖಾನೆಗೆ ಹೋಗಬೇಕು. ಇದನ್ನು ಮುನಿರಾಜು ಒಂದು ದಿನ ಸ್ಟೇಷನ್ನಿನವರೆಗೆ ನಡೆಯುತ್ತಾ ನನಗೆ ಹೇಳಿದ್ದ. "ಹೆಂಗಾದ್ರೂ ಮುಗಿಸ್ಬೇಕು ಸಾರ್" ಎಂದಿದ್ದ.

ಇವನು ಸೇರಿದ್ದರಿಂದ ಆ ವರ್ಷ ರಾಯರ ಡಬ್ಬಿಗೆ ಒಂದು ಚೀಟಿ ಸಾಲದೆ ಬಂತು. ಅವರು ವರ್ಷವರ್ಷವೂ ಹಂಚುತ್ತಿದ್ದ ಗ್ರೂಪುಗಳೆಲ್ಲ ಅವರೇ ಮಾಡಿ ನೋಡಿದ್ದವು. ಈಗ ಇನ್ನೊಂದು ಬೇಕಾಯಿತು. ಯಾವುದೋ ಪುಸ್ತಕದಿಂದ ಕ್ವಾಟರ್ನಿಯನ್ ಗ್ರೂಪು ಎಂಬುದನ್ನು ತೆಗೆದು ಚೀಟಿಯಲ್ಲಿ ಬರೆದರು. ಅದರಲ್ಲೂ ಎಂಟೇ ಸದಸ್ಯರು: ಒಂದು, ಐ, ಜೆ, ಕೆ, ಮತ್ತು ಇವುಗಳ ಋಣ ರೂಪಗಳು. ಚಿಕ್ಕದು, ಹುಡುಗ ತಡವಾಗಿ ಬಂದವನು, ಸುಲಭವಾಗಲಿ ಎಂದು ಅದನ್ನು ಡಬ್ಬಿಗೆ ಹಾಕದೆ ನೇರವಾಗಿ ಅವನ ಕೈಗೇ ಕೊಟ್ಟರು. ಕನಿಕರದಿಂದಲೇ ಕೊಟ್ಟರು.

ಚೌಕದ ಗ್ರೂಪು ಆ ವರ್ಷ ರಂಗನಾಥ ಎಂಬುವನಿಗೆ ಹೋಗಿತ್ತು. ಅವರಪ್ಪ ಕಾರ್ಖಾನೆಯೊಂದರ ಆಫೀಸರು, ಆಗ ತಾನೇ ಇಂದಿರಾನಗರದಲ್ಲಿ ಮನೆ ಕಟ್ಟಿಸಿದ್ದರು. ರಂಗನಾಥ ಹೇಳಿದ ದಿನಕ್ಕೆ ಸರಿಯಾಗಿ ಕೋಷ್ಟಕ ತಂದುಕೊಟ್ಟ. ಮುನಿರಾಜು ಮಾರನೆಯ ದಿನ ತಂದ. ರಾಯರು ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟರು. ಒಂದೇ ಬಗೆಯ ಸದಸ್ಯರನ್ನು ಒಂದು ವರ್ಗವಾಗಿ ಸೇರಿಸಿ ಬರೆಯುವುದರಿಂದ ಎಂಟಕ್ಕೆ ಐದು ಸಾಲು, ಐದು ಕಂಬಸಾಲು. ಮೇಲಿನ ಹೆಸರುಗಳು ಬೇರೆ, ಒಳಗಿನ ಅಂಕಿಗಳು ಒಂದೊಂದೂ ಅವೇ.

ಇಬ್ಬರನ್ನೂ ಕರೆಸಿದರು. ನಾನು ಅಲ್ಲೇ ಇದ್ದೆ. ರಂಗನಾಥ ತನಗೇನೂ ಗೊತ್ತಿಲ್ಲವೆಂದ. ಅವನಿಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲ. ಅವನನ್ನು ಕಳಿಸಿ ರಾಯರು ಮುನಿರಾಜುವಿನ ಕಡೆ ತಿರುಗಿದರು.

"ಯಾರದ್ದು ನೋಡಿ ಬರೆದೆಯಪ್ಪ?"

"ನಾನೇ ಮಾಡಿದ್ದು ಸಾರ್."

"ನೀನೇ ಮಾಡಿದ್ರೆ ಚೌಕದ ಟೇಬಲ್ ನಿನ್ನ ಗ್ರೂಪಿಗೆ ಹೇಗೆ ಬಂತು?"

"ಲೆಕ್ಕ ಹಾಕ್ದೆ ಸಾರ್. ಹಂಗೇ ಬಂತು."

"ಬಂತಂತೆ! ಲೆಕ್ಕದ ಹಾಳೆ ಎಲ್ಲಿ?"

"ನೀವೇ ಬೇಡ ಅಂದಿದ್ರಲ್ಲ ಸಾರ್. ಮನೇಲಿ ಬಚ್ಚಲ ಒಲೆಗೆ ಹಾಕ್ಬಿಟ್ರು."

ನಾನು ಬಾಯಿ ಹಾಕಿದೆ. "ಬೋರ್ಡಿನ ಮೇಲೆ ಇನ್ನೊಂದು ಸಲ ಮಾಡ್ಲಿ ಸಾರ್, ನೋಡೋಣ."

"ಏನು ನೋಡೋದು ಮೂರ್ತಿ? ಎರಡು ಗ್ರೂಪಿಗೆ ಒಂದೇ ಟೇಬಲ್ ಬರೋಕೆ ಸಾಧ್ಯವೇ ಇಲ್ಲ ಅಂದ್ಮೇಲೆ ಹೇಗೆ ಮಾಡಿದ್ರೂ ಅದು ತಪ್ಪೇ. ತಪ್ಪು ಮಾಡಿದ್ರೆ ಬೇರೆ ಥರ ತಪ್ಪು ಬರ್ಬೇಕಿತ್ತು. ಪಕ್ಕದವನದ್ದೇ ಹೇಗ್ರೀ ಬರುತ್ತೆ?"

ಅವರ ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ. ಮೊದಲ ಮಾತು ನಿಜವಾಗಿದ್ದರೆ ಮಿಕ್ಕದ್ದೆಲ್ಲ ನಿಜವೇ. ನೋಡಿ ಬರೆದೆ ಎಂದು ಬರೆದುಕೊಟ್ಟರೆ ಕ್ಷಮಿಸಿ ಸಹಿ ಹಾಕುತ್ತೇನೆ ಎಂದರು. ಮುನಿರಾಜು ತನ್ನ ಕೋಷ್ಟಕವನ್ನು ಮೇಜಿನಿಂದ ಎತ್ತಿಕೊಂಡ. ಆಮೇಲೆ, "ನೋಡಿ ಬರ್ದಿಲ್ಲ ಸಾರ್, ಬರ್ದೆ ಅಂತ ಹೆಂಗ್ ಬರ್ಕೊಡ್ಲಿ?" ಎಂದು ಹೊರಟುಹೋದ. ಅದು ಶುಕ್ರವಾರ. ಶನಿವಾರ ಅವನು ಬರಲಿಲ್ಲ.

ನನಗೆ ಸಮಾಧಾನವಾಗಲಿಲ್ಲ. ಅಷ್ಟು ಸುಲಭದ ದಾರಿ ತೋರಿಸಿದ ಮೇಲೆ ಕಳ್ಳನಾದವನು ಅದನ್ನು ಬಿಟ್ಟು ಹೋಗುವುದಿಲ್ಲ. ಭಾನುವಾರ ಬೆಳಿಗ್ಗೆ ಎಣ್ಣೆಸ್ನಾನ ಬಿಟ್ಟು ಜಗಲಿಯ ಮೇಲೆ ಕೂತು ಆ ಗ್ರೂಪನ್ನು ಕೈಗೆತ್ತಿಕೊಂಡೆ. ಐದು ವರ್ಗ, ಐದು ಸಾಲು. ಮೊದಲ ನಾಲ್ಕು ಸಾಲು ಬಂತು, ಐದನೆಯದೂ ಬಂತು. ನೋಡಿದರೆ ಚೌಕದ ಕೋಷ್ಟಕ. ನಾನೇ ಕಣ್ಣು ತಪ್ಪಿ ಬರೆದೆನೆಂದು ಹರಿದುಹಾಕಿ ಮತ್ತೆ ಮಾಡಿದೆ. ಮತ್ತೂ ಅದೇ ಬಂತು. ಗ್ರೂಪುಗಳು ಮಾತ್ರ ಬೇರೆಯೇ. ಇದ್ದಲ್ಲೇ ಇಡುವುದೊಂದನ್ನು ಬಿಟ್ಟರೆ, ಎರಡು ಸಲ ಮಾಡಿದರೆ ಮೊದಲಿದ್ದಂತೆಯೇ ಆಗಿಬಿಡುವ ಚಲನೆಗಳು ಚೌಕದಲ್ಲಿ ಐದಿವೆ. ಮುನಿರಾಜುವಿನ ಗ್ರೂಪಿನಲ್ಲಿ ಅಂಥದ್ದು ಒಂದೇ. ಬೇರೆ ಬೇರೆಯಾದ ಎರಡಕ್ಕೆ ಕೋಷ್ಟಕ ಒಂದೇ. ಆ ಹುಡುಗನದ್ದು ಅಕ್ಷರಕ್ಕೆ ಅಕ್ಷರ ಸರಿಯಾಗಿತ್ತು. ಸಂತೋಷವಾಗಬೇಕಿತ್ತು. ಆ ಹಾಳೆಯನ್ನು ಮಾತ್ರ ಹರಿಯದೆ ಮಡಿಚಿ ಜೇಬಿಗಿಟ್ಟುಕೊಂಡೆ.

ಸೋಮವಾರ ಮೊದಲ ಅವಧಿಗೆ ಮುಂಚೆಯೇ ರಾಯರಿಗೆ ಹೇಳಿದೆ. ಅವರು ನನ್ನ ಹಾಳೆ ಮುಟ್ಟಲಿಲ್ಲ. ಖಾಲಿ ತರಗತಿಗೆ ಹೋಗಿ ಚೀಲದಿಂದ ಡಸ್ಟರು ತೆಗೆದು, ಬೋರ್ಡನ್ನು ಪೂರ್ತಿ ಒರೆಸಿ, ತಾವೇ ಶುರುಮಾಡಿದರು. ಐದನೆಯ ಸಾಲಿಗೆ ಬಂದಾಗ ಸೀಮೆಸುಣ್ಣ ನಿಂತಿತು. ಹಿಂದಕ್ಕೆ ಬಂದು ಹುಡುಗರ ಬೆಂಚಿನ ಮೇಲೆ ಕೂತರು.

"ಇಷ್ಟು ವರ್ಷ ನಾನು ಹೇಳ್ಕೊಟ್ಟಿದ್ದು ಸುಳ್ಳೇನ್ರೀ?"

"ಮುಕ್ಕಾಲು ಪಾಲು ನಿಜ ಸಾರ್" ಎಂದೆ.

"ನಡೀರಿ, ಅವನ ಮನೆಗೆ ಹೋಗೋಣ" ಎಂದು ಎದ್ದರು. ಡಸ್ಟರನ್ನು ಅಲ್ಲೇ ಮರೆತರು.

ಮಧ್ಯಾಹ್ನದ ರೈಲಿನಲ್ಲಿ ಕೆ.ಆರ್. ಪುರಕ್ಕೆ ಹೋಗಿ, ಅಲ್ಲಿಂದ ನಡೆದು, ಕೇಳಿಕೊಂಡು ಊರು ಸೇರಿದೆವು. ಊರಿನ ಒಂದು ಪಕ್ಕ ಕಾರ್ಖಾನೆಯ ಹೊಸ ಕಾಂಪೌಂಡು ಗೋಡೆ, ಇನ್ನೊಂದು ಪಕ್ಕ ಉಳಿದ ಒಂದಿಷ್ಟು ರಾಗಿ ಹೊಲ. ಪಿಳ್ಳಪ್ಪನವರು ಜಗಲಿಯ ಮೇಲೆ ಕಂಬಳಿ ಹಾಸಿದರು. "ಬನ್ನಿ ಸ್ವಾಮಿ, ಕುಂತ್ಕಳಿ. ಮುನಿರಾಜ ಇವತ್ತೇ ಡ್ಯೂಟಿಗೆ ಓದ. ಇನ್ನೇನು ಬರೋ ಒತ್ತಾಯ್ತು."

ರಾಯರು ಕೂರಲಿಲ್ಲ. ನಿಂತೇ, ಕೈ ಜೋಡಿಸಿ, ದೊಡ್ಡ ದನಿಯಲ್ಲಿ ಹೇಳಿಬಿಟ್ಟರು. "ಯಜಮಾನ್ರೇ, ನಿಮ್ಮ ಮಗ ಕಳ್ಳ ಅಲ್ಲ. ಅವನು ಕಾಪಿ ಹೊಡೀಲಿಲ್ಲ. ತಪ್ಪು ನನ್ನದು."

ಪಿಳ್ಳಪ್ಪನವರ ಮುಖ ಅರಳಲಿಲ್ಲ. ಅವರು ನನ್ನನ್ನೊಮ್ಮೆ, ರಾಯರನ್ನೊಮ್ಮೆ ನೋಡಿದರು. "ಕಳ್ಳ ಅಂತ ಯಾರಂದ್ರು ಸ್ವಾಮಿ?"

ಮುನಿರಾಜು ಮನೆಯಲ್ಲಿ ಏನೂ ಹೇಳಿರಲಿಲ್ಲ. ಓದು ನನಗೆ ಹತ್ತಲಿಲ್ಲ ಅಪ್ಪ, ಕೆಲಸಕ್ಕೇ ಹೋಗ್ತೀನಿ ಎಂದಷ್ಟೇ ಹೇಳಿದ್ದ. ಮಗ ಸೋತು ಬಂದನೆಂದು ಅಪ್ಪ ನಂಬಿದ್ದರು, ಆ ನೋವನ್ನು ನುಂಗಿಕೊಂಡೂ ಇದ್ದರು. ಇಲ್ಲದ ಕಳ್ಳತನದ ಸುದ್ದಿಯನ್ನು ರೈಲು ಹತ್ತಿ ಹೋಗಿ ಅವರ ಜಗಲಿಗೆ ಮುಟ್ಟಿಸಿದವರು ನಾವು.

ಅಷ್ಟರಲ್ಲಿ ಮುನಿರಾಜು ಬಂದ. ಖಾಕಿ ಬಟ್ಟೆಗೆ ಇನ್ನೂ ಅಂಗಡಿಯ ಮಡಿಕೆ ಇತ್ತು. ನಮ್ಮನ್ನು ನೋಡಿದ, ಅಪ್ಪನ ಮುಖ ನೋಡಿದ, ಎಲ್ಲ ತಿಳಿದುಕೊಂಡ. ರಾಯರು ಸಹಿ ಹಾಕಿಕೊಡುವುದಾಗಿ, ಪರೀಕ್ಷೆಯ ಅರ್ಜಿ ತಡವಾದದ್ದಕ್ಕೆ ತಾವೇ ಹೋಗಿ ಯಾರ ಕಾಲಾದರೂ ಹಿಡಿದು ಒಪ್ಪಿಸುವುದಾಗಿ ಹೇಳಿದರು. ಪಿಳ್ಳಪ್ಪನವರು ಮಗನಿಗೇ ಬಿಟ್ಟರು. "ಒಂದ್ ಮನೆಗೆ ಒಂದ್ ಕೆಲ್ಸ ಸ್ವಾಮಿ. ಸನಿವಾರವೇ ಇವ್ನ ಎಸ್ರು ಬರ್ಕೊಂಡಾಯ್ತು. ಇವ್ನು ಬಿಟ್ರೆ ಅದು ಓಯ್ತದೆ, ಅಳಿಯನಿಗೂ ಸಿಕ್ಕಲ್ಲ. ಬೂಮಿ ಓಯ್ತು, ಇದೂ ಓದ್ರೆ..." ಎಂದು ಅಷ್ಟಕ್ಕೇ ನಿಲ್ಲಿಸಿದರು.

ಮುನಿರಾಜು ಬರುವುದಿಲ್ಲ ಎಂದ. ಕೋಪವಿರಲಿಲ್ಲ. ನಮ್ಮನ್ನು ಸ್ಟೇಷನ್ನಿನವರೆಗೆ ಬಿಡಲು ಬಂದ. ಅರ್ಧ ದಾರಿ ನಡೆದೆವು. ಆಮೇಲೆ ಅವನೇ ಕೇಳಿದ.

"ಸಾರ್, ಹಂಗಾದ್ರೆ ಟೇಬಲ್ ನೋಡಿ ಆ ಎರಡೂ ಬೇರೆ ಅಂತ ಹೇಳೋಕೇ ಆಗಲ್ವಾ?"

"ಆಗಲ್ಲಪ್ಪ" ಎಂದರು ರಾಯರು.

"ಮತ್ತೆ ನಂದು ನಂದೇ ಅಂತ ನಾನು ಹೆಂಗ್ ತೋರಿಸ್ಬೇಕಿತ್ತು ಸಾರ್?"

ರಾಯರು ಬೇಗ ಬೇಗ ಹೆಜ್ಜೆ ಹಾಕಿದರು. ದಂಡು ನಿಲ್ದಾಣದಲ್ಲಿ ಇಳಿದು ನನ್ನ ಕಡೆ ತಿರುಗಿಯೂ ನೋಡದೆ ಕಾಕ್ಸ್‌ಟೌನಿನ ಕಡೆ ನಡೆದುಹೋದರು.

ಮಾರನೆಯ ವರ್ಷವೂ ಅವರು ಪಾಠ ಮಾಡಿದರು, ಆದರೆ ಟೇಬಲ್ ನೋಡಿ ಗ್ರೂಪಿನ ಹೆಸರು ಹೇಳುವ ಆಟ ಆಡಲಿಲ್ಲ. ಡಬ್ಬಿಯೂ ಹೊರಗೆ ಬರಲಿಲ್ಲ. ಬೇಗನೇ ನಿವೃತ್ತಿ ತೆಗೆದುಕೊಂಡರು. ಕಾಕ್ಸ್‌ಟೌನಿನ ಮನೆಗೆ ಹೋದಾಗಲೆಲ್ಲ ಬೇಕರಿಯ ಬನ್ನು ತರಿಸಿ ಕೊಟ್ಟು, ಊರ ವಿಷಯವೆಲ್ಲ ಮಾತಾಡಿ, ಹೊರಡುವಾಗ ಗೇಟಿನ ಹತ್ತಿರ, "ಅವನು ಏನಾದ್ರೂ ಬಂದಿದ್ನೇನ್ರೀ?" ಎಂದು ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಕೊನೆಯ ಸಲ ಹೋದಾಗಲೂ ಅದನ್ನೇ ಕೇಳಿದರು. ನನಗೆ ಅವರ ಮೇಲೆ ಬಹಳ ಸಿಟ್ಟಿತ್ತು. ಅವರು ತೀರಿಹೋದಾಗ ಅಷ್ಟೇ ಬಹಳ ಅತ್ತೆ.

ಅವರು ನಿವೃತ್ತರಾದ ಮೇಲೆ ಆ ಪಾಠ ನನ್ನ ಪಾಲಿಗೆ ಬಂತು. ಎಪ್ಪತ್ತರ ದಶಕ ಮುಗಿಯುವ ತನಕ ಮಾಡಿದೆ. ಕೈಯಲ್ಲಿ ಗುಣಿಸುವುದು ಹೋಗಿ, ಸ್ಟೆನ್ಸಿಲ್ ಕೊರೆದು ಪ್ರತಿ ತೆಗೆದು ಹಂಚುವುದು ಬಂತು. ಆಮೇಲೆ ಹುಡುಗರು ಕಂಪ್ಯೂಟರಿನ ಲೆಕ್ಕ ಬೇಕೆಂದು ಆ ಕಡೆ ಹೋದರು, ಈ ವಿಷಯ ತೆಗೆದುಕೊಳ್ಳುವವರೇ ಇಲ್ಲದೆ ನಿಂತುಹೋಯಿತು. ಅಲ್ಲಿಯವರೆಗೆ ನಾನು ಹುಡುಗರಿಂದ ಲೆಕ್ಕದ ಹಾಳೆ ಕೇಳದೆ ಕೋಷ್ಟಕ ತೆಗೆದುಕೊಳ್ಳಲಿಲ್ಲ. ಗೀಚಿದ್ದು, ಹೊಡೆದುಹಾಕಿದ್ದು, ಕಾಫಿ ಚೆಲ್ಲಿದ್ದು, ಎಲ್ಲ ತನ್ನಿ ಎನ್ನುತ್ತಿದ್ದೆ. ಅವುಗಳನ್ನು ನೋಡಿ ನೋಡಿ ಕಣ್ಣು ಹಾಳಾಯಿತು. ಇಬ್ಬರದು ಒಂದೇ ಬಂದರೆ ಇಬ್ಬರನ್ನೂ ಕೂರಿಸಿಕೊಂಡು, ಹೇಗೆ ಬಂತಪ್ಪ ಎಂದು ಕೇಳುತ್ತಿದ್ದೆ. ಎಷ್ಟೋ ಸಲ ಅದು ನಿಜವಾಗಿಯೂ ನೋಡಿ ಬರೆದದ್ದೇ ಆಗಿರುತ್ತಿತ್ತು. ಆದರೂ ಕೇಳುತ್ತಿದ್ದೆ. ನೀವೂ ಕೇಳಿ. ಇದಕ್ಕಿಂತ ಹೆಚ್ಚಿನ ಬುದ್ಧಿಮಾತು ನನ್ನ ಹತ್ತಿರ ಇಲ್ಲ.

ಮುನಿರಾಜು ಒಮ್ಮೆ ಸಿಕ್ಕಿದ. ಹಲಸೂರು ಕೆರೆಯ ಹತ್ತಿರ ಬಸ್ಸಿಗೆ ಕಾಯುತ್ತಾ ನಿಂತಿದ್ದ. ಕೂದಲು ಅಲ್ಲಲ್ಲಿ ನರೆತಿತ್ತು. ನನ್ನನ್ನು ನೋಡಿ ಕೈಯಲ್ಲಿದ್ದ ಚೀಲ ಕೆಳಗಿಟ್ಟು ನಮಸ್ಕಾರ ಮಾಡಿದ. ರಾಯರು ಹೋದರೆಂದು ಹೇಳಿದೆ. "ಅಯ್ಯೋ" ಎಂದ, ಮನಸ್ಸಿನಿಂದಲೇ. ಅವರು ಪ್ರತಿ ಸಲವೂ ಅವನನ್ನೇ ವಿಚಾರಿಸುತ್ತಿದ್ದರೆಂದೂ ಹೇಳಿದೆ. ಅವನು ಬಸ್ಸು ಬರುವ ದಾರಿ ನೋಡಿದ. ಕಾರ್ಖಾನೆಯಲ್ಲಿ ಏನು ಕೆಲಸ ಎಂದು ಕೇಳಿದೆ.

"ಇನ್ಸ್‌ಪೆಕ್ಷನ್ ಸಾರ್. ಮಾಡಿದ ಸಾಮಾನು ನಮ್ಮ ಮೇಜಿಗೆ ಬರುತ್ತೆ. ಅಳತೆಯ ಗೇಜಿನಲ್ಲಿ ಹಾಕಿ ನೋಡ್ತೀವಿ. ಕೂತ್ರೆ ಪಾಸು, ಕೂರದಿದ್ರೆ ಪಕ್ಕಕ್ಕೆ." ಮತ್ತೆ ಅವನೇ ಹೇಳಿದ, "ಯಾರು ಮಾಡಿದ್ರು, ಹೆಂಗ್ ಮಾಡಿದ್ರು ಅಂತ ಕೇಳೋ ಹಂಗಿಲ್ಲ ಸಾರ್. ಮೊದಮೊದಲು ಕೇಳ್ತಿದ್ದೆ. ಸೂಪರ್‌ವೈಸರು ಬೇಡ ಅಂದ್ರು."

ಬಸ್ಸು ಬಂತು. ಅವನು ಚೀಲ ಎತ್ತಿಕೊಂಡು, ಬರ್ತೀನಿ ಸಾರ್ ಎಂದು ಹೇಳಿ ಹತ್ತಿದ.